ಶೇಕಡಾ 12ರ ಬಾಗಿಲು

"ಊದಿ, ಊದಿ, ಊದಿ... ಇನ್ನೂ, ಇನ್ನೂ, ನಿಲ್ಲಿಸ್ಬೇಡಿ ಮೇಡಂ, ಇನ್ನೂ ಸ್ವಲ್ಪ..." ಎಂದು ಟೆಕ್ನಿಷಿಯನ್ ಹುಡುಗ ಹುರಿದುಂಬಿಸುತ್ತಲೇ ಇದ್ದ. ಅಕ್ಕ ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ರಟ್ಟಿನ ಕೊಳವೆಯನ್ನು ತುಟಿಯಲ್ಲಿ ಬಿಗಿಹಿಡಿದು, ಮುಖ ಕೆಂಪಾಗುವವರೆಗೆ ಊದಿದಳು. ಪರದೆಯ ಮೇಲೆ ಗೆರೆಯೊಂದು ಸರ್ರನೆ ಮೇಲಕ್ಕೆ ಚಿಮ್ಮಿತು, ಇಳಿಯುವಾಗ ನಡುವೆ ಗುಳಿ ಬಿದ್ದು, ನೆಲಕ್ಕೆ ತೆವಳಿಕೊಂಡು ಹೋಗಿ ಮುಗಿಯಿತು. ಆಮೇಲೆ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ನಾಲ್ಕು ಪಫ್, ಹದಿನೈದು ನಿಮಿಷ ಕಾಯುವುದು, ಮತ್ತೆ ಊದುವುದು. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಎರಡನೇ ಸಲ ಕನಿಷ್ಠ ಶೇ. 12ರಷ್ಟು ಹೆಚ್ಚಿರಬೇಕು, ಜೊತೆಗೆ ಆ ಹೆಚ್ಚಳ 200 ಮಿಲಿಲೀಟರ್ ದಾಟಿರಬೇಕು. ದಾಟಿದರೆ ಶ್ವಾಸನಾಳ ಔಷಧಕ್ಕೆ ತೆರೆದುಕೊಳ್ಳುತ್ತದೆ, ಇದು ಅಸ್ತಮಾವೇ ಸರಿ ಎಂದು ಲೆಕ್ಕ. ಆಗ ಹೊಸ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸುವ ಟ್ರಯಲ್‌ನೊಳಗೆ ಪ್ರವೇಶ. ಅಕ್ಕನ ಗಾಳಿ ಅಷ್ಟು ಹೆಚ್ಚಲಿಲ್ಲ.

ಟ್ರಯಲ್ ನೋಡಿಕೊಳ್ಳುತ್ತಿದ್ದಾಕೆ ಒಳ್ಳೆಯವಳು. "ನಿಮಗೆ ಕಾಯಿಲೆ ಇಲ್ಲ ಅಂತಲ್ಲ ಮೇಡಂ, ಪ್ರೊಟೋಕಾಲ್‌ಗೆ ಹೊಂದ್ತಾ ಇಲ್ಲ ಅಷ್ಟೇ" ಎಂದು ಮೆತ್ತಗೆ ಹೇಳಿದಳು. ಅಕ್ಕ ತಲೆಯಾಡಿಸಿ, ಸಹಿ ಹಾಕಿದ್ದ ಒಪ್ಪಿಗೆ ಪತ್ರದ ಪ್ರತಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಹೈ ಡೋಸ್ ಸ್ಟೀರಾಯ್ಡ್ ಇನ್‌ಹೇಲರ್, ಅದರ ಜೊತೆಗೆ ಇನ್ನೊಂದು ಔಷಧ, ಅದೂ ಸಾಲದಾದಾಗ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ಅದೂ ಸಾಲದಾದಾಗ ಆಸ್ಪತ್ರೆಯ ನೆಬ್ಯುಲೈಜರ್. ತೀವ್ರ ಅಸ್ತಮಾ ಎನ್ನುವುದಕ್ಕೆ ವೈದ್ಯಕೀಯ ಸಂಘಗಳು ಬರೆದಿಟ್ಟ ವ್ಯಾಖ್ಯೆಯನ್ನು ಆಕೆ ಬಾಳಿ ತೋರಿಸುತ್ತಿದ್ದಳು. ಲಿಫ್ಟಿಗೆ ಕಾಯುವಾಗ ಕೇಳಿದಳು: "ಒಂದು ಮಾತು ಹೇಳು. ಇವರಿಗೆ ನನ್ನ ಉಬ್ಬಸ ಇನ್ನೂ ಜಾಸ್ತಿ ಇರಬೇಕಿತ್ತೋ, ಕಮ್ಮಿ ಇರಬೇಕಿತ್ತೋ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಉತ್ತರವಂತೂ ಕ್ರೂರವಾಗಿದೆ. ವರ್ಷಗಟ್ಟಲೆ ಉರಿಯೂತ ಇದ್ದ ಶ್ವಾಸನಾಳದ ಗೋಡೆ ದಪ್ಪಗಾಗುತ್ತದೆ, ಸುತ್ತಲಿನ ಸ್ನಾಯು ಬಲಿಯುತ್ತದೆ, ಒಳಗೆ ಗಟ್ಟಿ ಕಫ ಬಿರಡೆಯಂತೆ ಕೂತುಬಿಡುತ್ತದೆ. ಅಂಥ ನಾಳ ಸಾಲ್ಬುಟಮಾಲ್ ಕೊಟ್ಟ ಕೂಡಲೇ ಹಿಗ್ಗುವುದಿಲ್ಲ. ಜೊತೆಗೆ ಆಕೆ ದಿನವೂ ಹೆವಿ ಡೋಸ್ ತೆಗೆದುಕೊಳ್ಳುತ್ತಿರುವುದರಿಂದ ಹಿಗ್ಗಬಹುದಾದಷ್ಟು ಆಗಲೇ ಹಿಗ್ಗಿರುತ್ತದೆ. ಕಾಯಿಲೆ ಹಳೆಯದಾದಷ್ಟೂ, ಚಿಕಿತ್ಸೆ ಹೆಚ್ಚಾದಷ್ಟೂ ಆ ಶೇ. 12 ದೂರ ಸರಿಯುತ್ತದೆ. ಹೊಸ ಔಷಧ ಯಾರಿಗೆ ತುರ್ತಾಗಿ ಬೇಕೋ ಅವರೇ ಆ ಔಷಧದ ಪರೀಕ್ಷೆಯಲ್ಲಿ ಇರದಿರುವುದಕ್ಕೆ ಇದೊಂದು ಕಾರಣ. ಕಾರಣ ಗೊತ್ತಾದ ಮೇಲೆ ಸಿಟ್ಟು ಕಡಿಮೆಯಾಯಿತು, ಕುತೂಹಲ ಹೆಚ್ಚಾಯಿತು. ಅಸ್ತಮಾದ ಟ್ರಯಲ್‌ಗಳನ್ನು ಹುಡುಕಿ ಓದತೊಡಗಿದೆ. ನಾನು ವೈದ್ಯ ವೃತ್ತಿಯವಳಲ್ಲ. ಆದರೆ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತು ಕೂತು, ಯಾರನ್ನು ಒಳಗೆ ಬಿಟ್ಟುಕೊಂಡರು, ಏನನ್ನು ಎಣಿಸಿದರು ಎಂಬ ಎರಡು ಪ್ರಶ್ನೆ ಹಿಡಿದು ಯಾವ ಪ್ರಬಂಧವನ್ನಾದರೂ ಓದುವುದು ಅಭ್ಯಾಸವಾಗಿದೆ.

ನೂರಕ್ಕೆ ನಾಲ್ಕು ಜನ

ನ್ಯೂಜಿಲೆಂಡಿನ ವೆಲಿಂಗ್ಟನ್‌ನ ಸಂಶೋಧಕರು 2007ರಲ್ಲಿ ಒಂದು ಸರಳ ಕೆಲಸ ಮಾಡಿದರು. ಊರಿನ ಸಾಮಾನ್ಯ ಜನರ ಸಮೀಕ್ಷೆಯಲ್ಲಿ ಅಸ್ತಮಾ ಇದೆ ಎಂದು ಗೊತ್ತಾದವರನ್ನು ತೆಗೆದುಕೊಂಡರು. ಅಂತರರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಗೆ ಆಧಾರವಾದ ದೊಡ್ಡ ಟ್ರಯಲ್‌ಗಳ ಪ್ರವೇಶ ನಿಯಮಗಳನ್ನು ಇನ್ನೊಂದು ಕಡೆ ಇಟ್ಟುಕೊಂಡರು. ಈ ಜನರಲ್ಲಿ ಎಷ್ಟು ಮಂದಿ ಆ ಟ್ರಯಲ್‌ಗಳಿಗೆ ಅರ್ಹರಾಗುತ್ತಿದ್ದರು ಎಂದು ನೋಡಿದರು. ಬಂದ ಮಧ್ಯಾಂಕ ಶೇ. 4. ಒಂದೊಂದು ಟ್ರಯಲ್ ಹಿಡಿದು ನೋಡಿದರೆ ಸೊನ್ನೆಯಿಂದ ಶೇ. 36ರವರೆಗೆ. ಅಂದರೆ ಅಸ್ತಮಾ ಇರುವ ನೂರು ಜನರಲ್ಲಿ ತೊಂಬತ್ತಾರು ಮಂದಿ ಅಂಥ ಒಂದು ಸಾಧಾರಣ ಟ್ರಯಲ್‌ನ ನಿಯಮಕ್ಕೆ ಹೊಂದುತ್ತಲೇ ಇರಲಿಲ್ಲ.

ಇದನ್ನು ಮೊದಲು ಓದಿದಾಗ ನನಗೆ ಇದೊಂದು ಹಗರಣ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಹತ್ತಾರು ವರ್ಷ ಸಿಗರೇಟು ಸೇದಿದವರನ್ನು ಹೊರಗಿಡುತ್ತಾರೆ, ಯಾಕೆಂದರೆ ಅವರ ದಮ್ಮು ಅಸ್ತಮಾದ್ದೋ ಸಿಒಪಿಡಿ ಎಂಬ ಇನ್ನೊಂದು ಶ್ವಾಸಕೋಶದ ಕಾಯಿಲೆಯದ್ದೋ ಹೇಳುವುದು ಕಷ್ಟ. ಹೃದ್ರೋಗ ಇದ್ದವರನ್ನು ಬಿಡುವುದಿಲ್ಲ, ಏದುಸಿರು ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ. ಗರ್ಭಿಣಿಯರನ್ನು ಬಿಡದಿರುವ ಕಾರಣವನ್ನು ವಿವರಿಸಬೇಕಾಗಿಲ್ಲ. ಒಂದೊಂದು ನಿಯಮಕ್ಕೂ ಒಂದೊಂದು ನ್ಯಾಯ ಇದೆ. ಎಲ್ಲ ನ್ಯಾಯಗಳೂ ಒಟ್ಟು ಸೇರಿದಾಗ ಉಳಿಯುವುದು ಮಾತ್ರ ನೂರಕ್ಕೆ ನಾಲ್ಕು ಜನ. ಪ್ರಕಟವಾದ ಯಾವುದೇ ಟ್ರಯಲ್‌ನ ಮೊದಲ ಚಿತ್ರ ನೋಡಿ: ಮೇಲೆ ತಪಾಸಣೆಗೆ ಬಂದವರ ಸಂಖ್ಯೆ, ಪಕ್ಕದಲ್ಲಿ ಒಂದು ಚೌಕ, ಅದರಲ್ಲಿ ಅರ್ಹರಾಗದೆ ಹೊರಗುಳಿದವರ ಸಂಖ್ಯೆ. ನಾನೀಗ ಫಲಿತಾಂಶಕ್ಕಿಂತ ಮೊದಲು ಆ ಚೌಕವನ್ನೇ ನೋಡುವುದು. ಅಂಥದೊಂದು ಚೌಕದಲ್ಲಿ ನಮ್ಮಕ್ಕನೂ ಒಂದು ಅಂಕಿಯಾಗಿ ಕೂತಿದ್ದಾಳೆ.

ಇನ್ನೊಂದು ಮಗ್ಗುಲೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ತೀವ್ರ ಅಸ್ತಮಾ ಎಂದು ಕಾಣುವುದೆಲ್ಲ ತೀವ್ರ ಅಸ್ತಮಾ ಅಲ್ಲ. ನೆದರ್ಲೆಂಡ್ಸ್‌ನಲ್ಲಿ 2015ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಅಸ್ತಮಾ ಇರುವ ವಯಸ್ಕರಲ್ಲಿ ಶೇ. 17ರಷ್ಟು ಮಂದಿಯದು ಹತೋಟಿಗೆ ಬರದ, ಹೆವಿ ಡೋಸಿನ ಕಾಯಿಲೆ. ಆದರೆ ಅವರಲ್ಲಿ ಇನ್‌ಹೇಲರನ್ನು ತಪ್ಪಾಗಿ ಎಳೆಯುವವರನ್ನೂ ಸರಿಯಾಗಿ ತೆಗೆದುಕೊಳ್ಳದವರನ್ನೂ ಕಳೆದರೆ ಉಳಿಯುವವರು ಒಟ್ಟು ಅಸ್ತಮಾ ರೋಗಿಗಳಲ್ಲಿ ಶೇ. 4ಕ್ಕೂ ಕಡಿಮೆ. ಬೆಲ್‌ಫಾಸ್ಟ್‌ನ ಒಂದು ಕ್ಲಿನಿಕ್ಕಿನಲ್ಲಿ, ಏನು ಕೊಟ್ಟರೂ ಬಗ್ಗುತ್ತಿಲ್ಲ ಎಂದು ಕಳಿಸಿದ್ದ ರೋಗಿಗಳ ಔಷಧದಂಗಡಿ ದಾಖಲೆ ತೆಗೆಸಿ ನೋಡಿದಾಗ, ಶೇ. 35ರಷ್ಟು ಜನ ಬರೆದುಕೊಟ್ಟ ಇನ್‌ಹೇಲರ್‌ಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಕಡಿಮೆ ಕೊಂಡಿದ್ದರು. ಬಳಸುವ ಕ್ರಮದ ಕಥೆ ಇನ್ನೂ ಬೇಸರದ್ದು. ನಲವತ್ತು ವರ್ಷಗಳ ಅಧ್ಯಯನಗಳನ್ನು ಗುಡ್ಡೆ ಹಾಕಿ 2016ರಲ್ಲಿ ನೋಡಿದವರಿಗೆ ಸಿಕ್ಕಿದ್ದು: ಇನ್‌ಹೇಲರನ್ನು ಸರಿಯಾಗಿ ಬಳಸುವವರು ಶೇ. 31. ನಲವತ್ತು ವರ್ಷದಲ್ಲಿ ಆ ಅಂಕಿ ಮೇಲೇರಿಲ್ಲ.

ಹಾಗಾಗಿ ಒಳ್ಳೆಯ ಟ್ರಯಲ್‌ಗಳು ಮೊದಲ ಕೆಲವು ವಾರ ಹೊಸ ಔಷಧ ಕೊಡುವುದೇ ಇಲ್ಲ. ಇರುವ ಔಷಧವನ್ನೇ ಸರಿಯಾಗಿ ತೆಗೆದುಕೊಳ್ಳುವಂತೆ ನೋಡಿಕೊಳ್ಳುತ್ತವೆ. ನರ್ಸ್ ಎದುರಿಗೆ ಕೂತು, ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ನಿಧಾನಕ್ಕೆ ಎಳೆದು, ಹತ್ತು ಎಣಿಸಿ ಎಂದು ಹೇಳಿಕೊಡುತ್ತಾಳೆ. ಡೈರಿ ತುಂಬಿಸುತ್ತಾಳೆ, ಫೋನು ಮಾಡುತ್ತಾಳೆ. ಇಷ್ಟಕ್ಕೇ ಸುಧಾರಿಸಿಬಿಡುವವರು ಇರುತ್ತಾರೆ, ಅವರೂ ಹೊರಗೆ. (ಅವರ ಪಾಲಿಗೆ ಟ್ರಯಲ್ ಅಲ್ಲಿಗೇ ಗೆದ್ದಂತೆ. ಅದನ್ನು ಯಾವ ಕಂಪನಿಯೂ ಜಾಹೀರಾತು ಮಾಡುವುದಿಲ್ಲ.)

ಒಂದೇ ಔಷಧ, ಸೋಲು ಮತ್ತು ಗೆಲುವು

ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತೇವೆ ಎಂಬುದರ ಮೇಲೆ ಉತ್ತರ ಹೇಗೆ ತಿರುಗುತ್ತದೆ ಎನ್ನುವುದಕ್ಕೆ ಮೆಪೋಲಿಝುಮ್ಯಾಬ್ ಎಂಬ ಔಷಧದ ಕಥೆಗಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಬಿಳಿ ರಕ್ತಕಣವನ್ನು ಪಾಲ್ ಎರ್ಲಿಕ್ 1879ರಲ್ಲಿ ಗುರುತಿಸಿ ಇಯೋಸಿನೋಫಿಲ್ ಎಂದು ಕರೆದಿದ್ದರು. ಅಸ್ತಮಾ ರೋಗಿಗಳ ಕಫದಲ್ಲಿ ಈ ಕಣಗಳು ಧಾರಾಳವಾಗಿ ಕಾಣುತ್ತವೆ. ಅವು ಹುಟ್ಟಿ, ಬೆಳೆದು, ಸಾಯದೆ ಉಳಿಯಲು ಇಂಟರ್‌ಲ್ಯೂಕಿನ್-5 ಎಂಬ ಸಂಕೇತ ಬೇಕು. ಆ ಸಂಕೇತವನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯವನ್ನು ಚುಚ್ಚುಮದ್ದಾಗಿ ಕೊಟ್ಟರೆ ಕಣಗಳು ಮಾಯ, ಅಸ್ತಮಾವೂ ಮಾಯ ಎಂಬುದು ಎಣಿಕೆ.

2000ದಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಮೊದಲ ಫಲಿತಾಂಶ ಬಂತು. ಸೌಮ್ಯ ಅಸ್ತಮಾ ಇದ್ದ 24 ಜನ. ಔಷಧ ಕೊಟ್ಟು, ಅಲರ್ಜಿ ತರುವ ಪದಾರ್ಥವನ್ನು ಉಸಿರಾಡಿಸಿ ನೋಡಿದರು. ರಕ್ತದಲ್ಲೂ ಕಫದಲ್ಲೂ ಇಯೋಸಿನೋಫಿಲ್‌ಗಳು ಕುಸಿದವು. ಶ್ವಾಸನಾಳ ಮಾತ್ರ ಮೊದಲಿನಂತೆಯೇ ಮುಚ್ಚಿಕೊಂಡಿತು. 2007ರಲ್ಲಿ ಇನ್ನೂ ದೊಡ್ಡದು, ಇನ್‌ಹೇಲರ್ ತೆಗೆದುಕೊಂಡರೂ ಲಕ್ಷಣಗಳು ಉಳಿದಿದ್ದ 362 ಜನ. ಊದುವ ಗಾಳಿ ಹೆಚ್ಚಲಿಲ್ಲ, ಲಕ್ಷಣಗಳು ಕಡಿಮೆಯಾಗಲಿಲ್ಲ. ಇಯೋಸಿನೋಫಿಲ್ ಅಪರಾಧಿಯಲ್ಲ, ಅಪರಾಧದ ಸ್ಥಳದಲ್ಲಿ ಸಿಕ್ಕಿಬಿದ್ದ ದಾರಿಹೋಕ ಎಂದು ಅನೇಕರು ತೀರ್ಮಾನಿಸಿಬಿಟ್ಟರು. ಔಷಧದ ಕಥೆ ಅಲ್ಲಿಗೆ ಮುಗಿಯಬಹುದಿತ್ತು.

ಮುಗಿಯದಿದ್ದುದಕ್ಕೆ ಇನ್ನೊಂದು ಮೂಲೆಯಲ್ಲಿ ನಡೆದ ಕೆಲಸ ಕಾರಣ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ತಂಡ ಕಫದ ಹಿಂದೆ ಬಿದ್ದಿತ್ತು. ಉಪ್ಪುನೀರಿನ ಮಂಜನ್ನು ಉಸಿರಾಡಿಸಿ, ಕೆಮ್ಮಿಸಿ, ಕಫ ತೆಗೆಸಿ, ಸೂಕ್ಷ್ಮದರ್ಶಕದಡಿ ಕೂತು ಕಣಗಳನ್ನು ಎಣಿಸುವ ಕೆಲಸ ಅದು. ಯಾರಿಗೂ ಬೇಡದ, ಕೊಳಕು ಅನ್ನಿಸುವ ಕೆಲಸ, ಎಲ್ಲ ಆಸ್ಪತ್ರೆಗಳಲ್ಲಿ ಆಗುವಂಥದ್ದೂ ಅಲ್ಲ. ಅವರು 74 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನಂತೆ ಲಕ್ಷಣ ನೋಡಿ ಔಷಧ, ಇನ್ನೊಂದಕ್ಕೆ ಕಫದ ಇಯೋಸಿನೋಫಿಲ್ ಎಣಿಕೆ ನೋಡಿ ಔಷಧ. ಹೊಸ ಔಷಧ ಏನೂ ಇಲ್ಲ. ಒಂದು ವರ್ಷದಲ್ಲಿ ಮೊದಲ ಗುಂಪಿನಲ್ಲಿ 109 ತೀವ್ರ ದಾಳಿ, ಎರಡನೆಯದರಲ್ಲಿ 35. ಇದು 2002ರ ಮಾತು. ಇದರಿಂದ ತಿಳಿದದ್ದು, ದಿನನಿತ್ಯದ ಉಬ್ಬಸ ಮತ್ತು ಆಸ್ಪತ್ರೆಗೆ ಓಡಿಸುವ ದಾಳಿ ಎರಡೂ ಒಂದೇ ಹಗ್ಗದ ಎರಡು ತುದಿಗಳಲ್ಲ ಎಂಬುದು. ಇಯೋಸಿನೋಫಿಲ್‌ಗೆ ಹತ್ತಿರದ ನಂಟು ಇರುವುದು ದಾಳಿಯ ಜೊತೆ. ದಿನವೂ ಕಾಡುವ ಎದೆಬಿಗಿತದ ಜೊತೆ ಅಷ್ಟಾಗಿ ಇಲ್ಲ.

ಹಾಗಾದರೆ ಹಿಂದಿನ ಸೋಲಿನಲ್ಲಿ ಎರಡು ತಪ್ಪು ಸೇರಿದ್ದವು. ಕಫದಲ್ಲಿ ಇಯೋಸಿನೋಫಿಲ್ ಇದೆಯೋ ಇಲ್ಲವೋ ನೋಡದೆ ಎಲ್ಲರನ್ನೂ ಸೇರಿಸಿಕೊಂಡಿದ್ದರು. ದಾಳಿಗಳನ್ನು ಎಣಿಸುವ ಬದಲು ಗಾಳಿಯನ್ನು ಅಳೆದಿದ್ದರು. 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನ ಒಂದೇ ಸಂಚಿಕೆಯಲ್ಲಿ ಎರಡು ಸಣ್ಣ ಟ್ರಯಲ್ ಬಂದವು. ಒಂದು ಲೆಸ್ಟರ್‌ನದ್ದು, 61 ಜನ. ಇನ್ನೊಂದು ಕೆನಡಾದ ಹ್ಯಾಮಿಲ್ಟನ್‌ನದ್ದು, ಬರೀ 20 ಜನ. ಎರಡರಲ್ಲೂ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೂ ಕಫದಲ್ಲಿ ಇಯೋಸಿನೋಫಿಲ್ ಸಿಕ್ಕವರನ್ನು ಆರಿಸಿದ್ದರು. ಲೆಸ್ಟರ್‌ನಲ್ಲಿ ವರ್ಷಕ್ಕೆ ತಲಾ ದಾಳಿ ಪ್ಲಸೀಬೊ (ಔಷಧವಿಲ್ಲದ ಹುಸಿಮದ್ದು) ಪಡೆದವರಲ್ಲಿ 3.4, ಔಷಧ ಪಡೆದವರಲ್ಲಿ 2.0. ಹ್ಯಾಮಿಲ್ಟನ್‌ನಲ್ಲಿ ಸ್ಟೀರಾಯ್ಡ್ ಮಾತ್ರೆ ಕಡಿಮೆ ಮಾಡುತ್ತಾ ಹೋದಾಗ ಪ್ಲಸೀಬೊ ಗುಂಪಿನಲ್ಲಿ 12 ದಾಳಿ, ಔಷಧದ ಗುಂಪಿನಲ್ಲಿ 1. ಅದೇ ಔಷಧ, ಅದೇ ಪ್ರತಿಕಾಯ. 362 ಜನರಲ್ಲಿ ಕಾಣದ್ದು 20 ಜನರಲ್ಲಿ ಕಂಡಿತು. 2014ರಲ್ಲಿ 576 ಜನರ ಟ್ರಯಲ್ ಇದನ್ನು ಖಚಿತಪಡಿಸಿತು, 2015ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಷ್ಟರಲ್ಲಿ ಕಫದ ಜಾಗಕ್ಕೆ ರಕ್ತ ಬಂದಿತ್ತು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 150 ಅಥವಾ 300 ಇಯೋಸಿನೋಫಿಲ್ ಎಂಬ ಗಡಿ ಈಗ ಎಲ್ಲ ಶ್ವಾಸಕೋಶ ತಜ್ಞರ ಬಾಯಲ್ಲೂ ಇದೆ.

ಗಮನಿಸಿ, ಇಲ್ಲೂ ಜನರನ್ನು ಹೊರಗಿಟ್ಟಿದ್ದಾರೆ. ಇಯೋಸಿನೋಫಿಲ್ ಇಲ್ಲದವರಿಗೆ ಬಾಗಿಲು ಮುಚ್ಚಿದ್ದರಿಂದಲೇ ಈ ಔಷಧ ಬದುಕಿತು. ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟಿದ್ದರೆ ಅಕ್ಕನಿಗೆ ಇವತ್ತು ಈ ಬಗೆಯ ಚುಚ್ಚುಮದ್ದು ಇರುತ್ತಿರಲಿಲ್ಲ. ಲಿಫ್ಟಿನ ಮುಂದೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಈಗ ಇರುವ ಉತ್ತರ ಇದೊಂದೇ: ಇಯೋಸಿನೋಫಿಲ್ ನೋಡಿ ಹೊರಗಿಡುವುದು ಕಾಯಿಲೆಯ ಒಳಗನ್ನು ಅರಿತು ಹಾಕಿದ ಗೆರೆ, ಶೇ. 12 ನೋಡಿ ಹೊರಗಿಡುವುದು ಹೆಚ್ಚಾಗಿ ರೂಢಿಯಿಂದ ಬಂದ ಗೆರೆ. ಎರಡಕ್ಕೂ ಒಂದೇ ಗೌರವ ಕೊಡಲು ನನಗೆ ಮನಸ್ಸಿಲ್ಲ.

ಎದೆ ಹಗುರಾಯಿತು ಅಂದರೆ

ಏನನ್ನು ಎಣಿಸಬೇಕು ಎಂಬ ಪ್ರಶ್ನೆಗೆ ಬಂದರೆ, 2011ರ ಒಂದು ಪುಟ್ಟ ಅಧ್ಯಯನ ನನ್ನನ್ನು ಬಹಳ ದಿನ ಕಾಡಿತು. ಬಾಸ್ಟನ್‌ನಲ್ಲಿ 39 ಅಸ್ತಮಾ ರೋಗಿಗಳಿಗೆ ಸರದಿಯಂತೆ ನಾಲ್ಕು ಬಗೆಯ ಚಿಕಿತ್ಸೆ: ನಿಜವಾದ ಅಲ್ಬುಟೆರಾಲ್ ಇನ್‌ಹೇಲರ್ (ನಮ್ಮ ಸಾಲ್ಬುಟಮಾಲ್‌ಗೆ ಅಮೆರಿಕದಲ್ಲಿ ಈ ಹೆಸರು), ಔಷಧವಿಲ್ಲದ ಹುಸಿ ಇನ್‌ಹೇಲರ್, ಹುಸಿ ಆಕ್ಯುಪಂಕ್ಚರ್, ಮತ್ತು ಏನೂ ಇಲ್ಲದೆ ಸುಮ್ಮನೆ ಕೂರುವುದು. ಊದಿಸಿ ಅಳೆದಾಗ ನಿಜವಾದ ಇನ್‌ಹೇಲರ್‌ನಿಂದ ಗಾಳಿ ಶೇ. 20 ಹೆಚ್ಚಿತ್ತು, ಉಳಿದ ಮೂರರಿಂದಲೂ ಸುಮಾರು ಶೇ. 7. ಸಂಶಯವೇ ಇಲ್ಲ. ಆದರೆ ಎಷ್ಟು ಹಗುರಾಯಿತು ಎಂದು ಬಾಯಿಬಿಟ್ಟು ಕೇಳಿದಾಗ? ನಿಜವಾದ ಇನ್‌ಹೇಲರ್‌ಗೆ ಶೇ. 50, ಹುಸಿ ಇನ್‌ಹೇಲರ್‌ಗೆ ಶೇ. 45, ಹುಸಿ ಸೂಜಿಗೆ ಶೇ. 46. ಸುಮ್ಮನೆ ಕೂತಾಗ ಮಾತ್ರ ಶೇ. 21.

ಇದನ್ನು ಇಟ್ಟುಕೊಂಡು ಎರಡು ಬಗೆಯ ಜನ ಎರಡು ಬಗೆಯ ಗದ್ದಲ ಮಾಡಿದ್ದಾರೆ. ನೋಡಿ, ಮನಸ್ಸೇ ಮದ್ದು ಎನ್ನುವವರು ಒಂದು ಕಡೆ. ನೋಡಿ, ರೋಗಿಯ ಮಾತನ್ನು ನಂಬಲೇಬಾರದು ಎನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಅವಸರದ ಮಾತಾಗಿ ಕಾಣುತ್ತವೆ. ಯಾರೋ ನಮ್ಮನ್ನು ನೋಡಿಕೊಳ್ಳುತ್ತಿದ್ದಾರೆ ಎಂದಾಗ ಎದೆಯ ಬಿಗಿತ ನಿಜವಾಗಿಯೇ ಸಡಿಲವಾಗುತ್ತದೆ. ದಮ್ಮು ಬಂದಾಗ ಅರ್ಧ ಕಷ್ಟ ಹೆದರಿಕೆಯದ್ದು ಎಂದು ಅದನ್ನು ಅನುಭವಿಸಿದವರೆಲ್ಲ ಹೇಳುತ್ತಾರೆ. ಆದರೆ ಹಗುರಾಗಿದೆ ಅನ್ನಿಸಿಯೂ ನಾಳ ಮುಚ್ಚಿಕೊಂಡೇ ಇರುವ ಸ್ಥಿತಿ ಅಸ್ತಮಾದಲ್ಲಿ ಅಪಾಯದ್ದು. ಪರವಾಗಿಲ್ಲ, ಬೆಳಿಗ್ಗೆ ನೋಡೋಣ ಎಂದು ಮಲಗುವವರನ್ನು ನೆನೆದರೆ ನನಗೆ ಈಗಲೂ ಭಯ.

ಶ್ವಾಸನಾಳದೊಳಗೆ ತಂತಿ ತೂರಿಸಿ, ಬಿಸಿ ಕೊಟ್ಟು ಸ್ನಾಯುವನ್ನು ತೆಳುಗೊಳಿಸುವ ಬ್ರಾಂಕಿಯಲ್ ಥರ್ಮೋಪ್ಲಾಸ್ಟಿ ಎಂಬ ಚಿಕಿತ್ಸೆಯ ಪರೀಕ್ಷೆಯಲ್ಲೂ ಇದೇ ಆಯಿತು. 2010ರ ಆ ಟ್ರಯಲ್‌ನಲ್ಲಿ 288 ಜನ. ಹೋಲಿಕೆಯ ಗುಂಪಿನವರಿಗೂ ಬ್ರಾಂಕೋಸ್ಕೋಪ್ ಇಳಿಸಿದರು, ಯಂತ್ರ ಸದ್ದು ಮಾಡಿತು, ಬಿಸಿ ಮಾತ್ರ ಹರಿಯಲಿಲ್ಲ. ಜೀವನದ ಗುಣಮಟ್ಟದ ಪ್ರಶ್ನಾವಳಿಯಲ್ಲಿ ಗಮನಾರ್ಹ ಸುಧಾರಣೆ ಕಂಡವರು ನಿಜವಾದ ಚಿಕಿತ್ಸೆಯಲ್ಲಿ ಶೇ. 79, ಹುಸಿ ಚಿಕಿತ್ಸೆಯಲ್ಲಿ ಶೇ. 64. ಹುಸಿ ಗುಂಪನ್ನು ಇಡದೆ ಇದ್ದಿದ್ದರೆ ಅದೇ ಶೇ. 79 ಪವಾಡವೆಂದು ಮೆರೆಯುತ್ತಿತ್ತು. ದಾಳಿ ಎಣಿಸುವ ಟ್ರಯಲ್‌ಗಳಲ್ಲೂ ಪ್ಲಸೀಬೊ ಗುಂಪು ಸುಧಾರಿಸುತ್ತದೆ. 2014ರ ಮೆಪೋಲಿಝುಮ್ಯಾಬ್ ಟ್ರಯಲ್‌ಗೆ ಬಂದವರೆಲ್ಲ ಹಿಂದಿನ ವರ್ಷ ಕನಿಷ್ಠ ಎರಡು ಸಲ ತೀವ್ರ ದಾಳಿಗೆ ಸಿಕ್ಕವರು. ಪ್ಲಸೀಬೊ ಪಡೆದವರಲ್ಲೂ ಆಮೇಲೆ ಸರಾಸರಿ 1.74ಕ್ಕೆ ಇಳಿಯಿತು, ಚುಚ್ಚುಮದ್ದು ಪಡೆದವರಲ್ಲಿ 0.83ಕ್ಕೆ. ಅತಿ ಕೆಟ್ಟ ವರ್ಷ ನೋಡಿ ಆರಿಸಿದರೆ ಮುಂದಿನ ವರ್ಷ ತಾನಾಗಿಯೇ ಸ್ವಲ್ಪ ವಾಸಿ ಕಾಣುತ್ತದೆ. ಎರಡು ಇಂಜೆಕ್ಷನ್‌ಗೆ ಗುಣವಾಯಿತು ಎಂಬ ಯಾರದೇ ಮಾತು ಕೇಳಿದಾಗ ಆ 1.74 ನನ್ನ ತಲೆಯಲ್ಲಿ ಸುಳಿಯುತ್ತದೆ.

ಮಾತ್ರೆ ಎಣಿಸಿದವರು

ಪ್ರೆಡ್ನಿಸೋಲೋನ್ ಹೆಚ್ಚಿದ್ದ ಕಾಲದಲ್ಲಿ ಅಕ್ಕ ರಾತ್ರಿ ಮಲಗುತ್ತಿರಲಿಲ್ಲ. ಒಂದು ನಡುರಾತ್ರಿ ಎದ್ದು ನೋಡಿದರೆ ಕಪಾಟಿನ ಬಟ್ಟೆಯನ್ನೆಲ್ಲ ಕೆಳಗೆ ಹರವಿಕೊಂಡು ಒಂದೊಂದೇ ಮಡಚುತ್ತಿದ್ದಳು. ಉಸಿರು ಸರಾಗವಾಗಿತ್ತು, ಸುಯ್ ಸುಯ್ ಸದ್ದು ಇರಲಿಲ್ಲ. ಕೆನ್ನೆ ಮಾತ್ರ ಊದಿ ಗುಂಡಗಾಗಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಹಳೆಯ ಫೋಟೋ ಒಂದು ಬಟ್ಟೆಯ ನಡುವೆ ಸಿಕ್ಕಿತ್ತು ಅಂತ ಕಾಣುತ್ತದೆ, ಅದನ್ನು ನನ್ನ ಕಡೆ ಚಾಚಿ, "ಉಸಿರು ನನ್ನದೇ, ಮುಖ ಯಾರದ್ದೋ" ಎಂದಳು. ಇಬ್ಬರೂ ನಕ್ಕೆವು, ಆಮೇಲೆ ನಾನೂ ಕೂತು ಬಟ್ಟೆ ಮಡಚಿದೆ. ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ, ರಕ್ತದೊತ್ತಡ, ಮನಸ್ಸಿನ ಏರಿಳಿತ. ಈ ಪಟ್ಟಿ ಬಾಯಿಪಾಠವಾಗಿರುವ ಮನೆಗಳು ಎಷ್ಟೋ ಇವೆ. ಊದುವ ಯಂತ್ರದಲ್ಲಿ ಇದೊಂದೂ ಕಾಣುವುದಿಲ್ಲ. ಯಂತ್ರದ ಪ್ರಕಾರ ಆ ರಾತ್ರಿ ಅಕ್ಕ ಚೆನ್ನಾಗಿದ್ದಳು.

ಆದ್ದರಿಂದ 2014ರಲ್ಲಿ ಬಂದ ಇನ್ನೊಂದು ಟ್ರಯಲ್ ನನ್ನ ಮಟ್ಟಿಗೆ ಜಾಣತನದ್ದು. ದಿನವೂ ಸ್ಟೀರಾಯ್ಡ್ ಮಾತ್ರೆಯ ಮೇಲೆ ಬದುಕುತ್ತಿದ್ದ 135 ಜನರನ್ನು ತೆಗೆದುಕೊಂಡು, ಗಾಳಿಯನ್ನಲ್ಲ, ಮಾತ್ರೆಯನ್ನೇ ಎಣಿಸಿದರು. ಮೊದಲು ಔಷಧ ಕೊಡದೆಯೇ ಎಷ್ಟು ಇಳಿಸಬಹುದೋ ಅಷ್ಟು ಇಳಿಸಿ, ಇನ್ನು ಇಳಿಸಿದರೆ ಉಬ್ಬಸ ಏಳುತ್ತದೆ ಎನ್ನುವ ಹಂತ ಗುರುತಿಸಿದರು. ಅಲ್ಲಿಂದ ಒಂದು ಗುಂಪಿಗೆ ಮೆಪೋಲಿಝುಮ್ಯಾಬ್, ಇನ್ನೊಂದಕ್ಕೆ ಪ್ಲಸೀಬೊ. ಕೊನೆಗೆ ಮಾತ್ರೆಯ ಡೋಸ್ ಒಂದು ಗುಂಪಿನಲ್ಲಿ ಶೇ. 50 ಇಳಿದಿತ್ತು, ಇನ್ನೊಂದರಲ್ಲಿ ಸೊನ್ನೆ, ಎರಡೂ ಮಧ್ಯಾಂಕಗಳು. 2017ರಲ್ಲಿ ಬೆನ್ರಲಿಝುಮ್ಯಾಬ್ ಎಂಬ ಇದೇ ಬಗೆಯ ಇನ್ನೊಂದು ಚುಚ್ಚುಮದ್ದು ಕೊಟ್ಟು 220 ಜನರಲ್ಲಿ ಇದನ್ನೇ ಮಾಡಿದಾಗ ಶೇ. 75 ಮತ್ತು ಶೇ. 25. ಆ ಶೇ. 25 ಕೂಡ ಏನನ್ನೋ ಹೇಳುತ್ತದೆ. ಹುಸಿಮದ್ದು ಪಡೆದವರಲ್ಲೂ ಮಾತ್ರೆ ಇಳಿಯಿತು ಎಂದರೆ, ಜಾಗ್ರತೆಯಿಂದ ಯಾರಾದರೂ ಇಳಿಸಲು ಕೂತಿದ್ದರೆ ಇನ್ನಷ್ಟು ಮನೆಗಳಲ್ಲಿ ಅದು ಇಳಿಯುತ್ತಿತ್ತೇನೋ.

ಅಕ್ಕನಿಗೂ ಈ ಬಗೆಯ ಚುಚ್ಚುಮದ್ದು ಸಿಕ್ಕಿತು, ಟ್ರಯಲ್‌ನಲ್ಲಲ್ಲ, ಅದು ಎಲ್ಲರಿಗೂ ಬರೆದುಕೊಡುವ ಔಷಧವಾದ ಮೇಲೆ. ಆಕೆಯ ರಕ್ತದಲ್ಲಿ ಇಯೋಸಿನೋಫಿಲ್ ಧಾರಾಳವಾಗಿದ್ದುದರಿಂದ ಯಾರೂ ಊದಿಸಿ ತಕರಾರು ತೆಗೆಯಲಿಲ್ಲ. ಮಾತ್ರೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ತಿಂಗಳುಗಟ್ಟಲೆ ಇಳಿಸಿದರು. ವರ್ಷಗಟ್ಟಲೆ ಮಾತ್ರೆ ತಿಂದವರ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಈಗ ಹೇಗಿದೆ ಎಂದು ಕೇಳಿದರೆ ಹೇಳುತ್ತಾಳೆ: "ಮೆಟ್ಟಿಲು ಹತ್ತೋದು ಮೊದಲಿನಷ್ಟೇ ಕಷ್ಟ. ಆದ್ರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡೋದು ತಪ್ಪಿದೆ." ಊದುವ ಯಂತ್ರದ ಅಂಕಿ ಹೆಚ್ಚೇನೂ ಬದಲಾಗಿಲ್ಲ. 2000ದಲ್ಲೇ 24 ಜನರ ಟ್ರಯಲ್ ಹೇಳಿದ್ದ ಮಾತು ಆಕೆಯಲ್ಲೂ ನಿಜವಾಗಿದೆ. ಆಗ ಅದನ್ನು ಸೋಲು ಎಂದು ಓದಿದ್ದರು, ಅಷ್ಟೇ ವ್ಯತ್ಯಾಸ.

ಅಪರೂಪದ್ದನ್ನು ಎಣಿಸುವುದು

ಸಾವಿನ ಲೆಕ್ಕ ಬೇರೆಯದೇ. ಅಸ್ತಮಾದಿಂದ ಜಗತ್ತಿನಲ್ಲಿ 2019ರ ಒಂದೇ ವರ್ಷ ಸುಮಾರು 4,55,000 ಜನ ತೀರಿಕೊಂಡರು. ಆದರೆ ಒಂದು ಟ್ರಯಲ್‌ನ ಕೆಲವು ನೂರು ಜನರಲ್ಲಿ, ಒಂದು ವರ್ಷದೊಳಗೆ, ಸಾವು ಕಾಣುವುದೇ ಅಪರೂಪ. ಕಾಣದ್ದು ಇಲ್ಲವೆಂದು ಅರ್ಥವಲ್ಲ. ಸಾಲ್ಮೆಟೆರಾಲ್ ಎಂಬ ದೀರ್ಘಕಾಲ ಕೆಲಸ ಮಾಡುವ ಔಷಧದ ಬಗ್ಗೆ ಸಂಶಯ ಬಂದಾಗ ಅಮೆರಿಕದಲ್ಲಿ 1996ರಲ್ಲಿ ದೊಡ್ಡ ಟ್ರಯಲ್ ಶುರುವಾಯಿತು. 26,355 ಜನ, ತಲಾ 28 ವಾರ. ಅಸ್ತಮಾದಿಂದಾದ ಸಾವು ಔಷಧದ ಗುಂಪಿನಲ್ಲಿ 13, ಪ್ಲಸೀಬೊ ಗುಂಪಿನಲ್ಲಿ 3. ನಡುವಿನ ಲೆಕ್ಕಾಚಾರ ನೋಡಿ 2003ರಲ್ಲಿ ಟ್ರಯಲ್ ನಿಲ್ಲಿಸಿದರು. ಅಲ್ಲಿ ಸೇರಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸ್ಟೀರಾಯ್ಡ್ ಇನ್‌ಹೇಲರ್ ತೆಗೆದುಕೊಳ್ಳುತ್ತಿರಲಿಲ್ಲ. ನಾಳವನ್ನು ಹಿಗ್ಗಿಸುವ ಔಷಧ ಲಕ್ಷಣವನ್ನು ಮುಚ್ಚಿಟ್ಟು, ಒಳಗಿನ ಉರಿಯೂತ ತನ್ನ ಪಾಡಿಗೆ ಬೆಳೆಯಿತು ಎಂಬುದು ಎಲ್ಲಕ್ಕಿಂತ ಹೆಚ್ಚು ಒಪ್ಪುವ ವಿವರಣೆ. ಇಂಥ ಔಷಧ, ಸ್ಟೀರಾಯ್ಡ್ ಎರಡನ್ನೂ ಒಂದೇ ಇನ್‌ಹೇಲರ್‌ನಲ್ಲಿ ಸೇರಿಸಿ ಕೊಟ್ಟರೆ ಅಪಾಯ ಇಲ್ಲ ಎಂದು ಹೇಳಲು ಮತ್ತೆ 36,010 ಜನ ಬೇಕಾದರು. ಆ ಫಲಿತಾಂಶ ನೋಡಿದ ಮೇಲೆ, 2017ರಲ್ಲಿ, ಅಂಥ ಇನ್‌ಹೇಲರ್‌ಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಅಮೆರಿಕದಲ್ಲಿ ತೆಗೆದರು.

ಸ್ಟೀರಾಯ್ಡ್ ಇನ್‌ಹೇಲರ್ ಅಂದರೆ ಹೆದರಿ, ಸಾಲ್ಬುಟಮಾಲ್ ಒಂದನ್ನೇ ಜೇಬಿನಲ್ಲಿಟ್ಟುಕೊಂಡು ಓಡಾಡುವ ಎಲ್ಲರಿಗೂ ನಾನು ಹೇಳುವ ಅಂಕಿ ಇನ್ನೊಂದಿದೆ. ಕೆನಡಾದ ದಾಖಲೆಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವದು. ವರ್ಷದಲ್ಲಿ ಬಳಸಿದ ಕಡಿಮೆ ಡೋಸಿನ ಸ್ಟೀರಾಯ್ಡ್ ಇನ್‌ಹೇಲರ್ ಒಂದೊಂದು ಹೆಚ್ಚಾದಾಗಲೂ ಅಸ್ತಮಾದಿಂದ ಸಾಯುವ ಸಾಧ್ಯತೆ ಶೇ. 21 ಇಳಿಯುತ್ತಿತ್ತು. ಇದು ಟ್ರಯಲ್ ಅಲ್ಲ, ನಿಜ ಜೀವನದ ಔಷಧ ದಾಖಲೆ. ಯಾರನ್ನೂ ಊದಿಸಿ ಹೊರಗಿಟ್ಟಿರಲಿಲ್ಲ.

ಉಳಿದವರು

ಇಯೋಸಿನೋಫಿಲ್ ಹೆಚ್ಚಿಲ್ಲದ, ಆದರೂ ದಮ್ಮು ಬಿಡದ ರೋಗಿಗಳ ಪಾಲಿಗೆ ಈ ಇಪ್ಪತ್ತು ವರ್ಷದ ಸಂಭ್ರಮ ಪಕ್ಕದ ಮನೆಯ ಮದುವೆಯಂತೆ. ಅವರಿಗೂ ಏನೂ ಇಲ್ಲವೆಂದಲ್ಲ. ವಾರಕ್ಕೆ ಮೂರು ದಿನ ಅಜಿತ್ರೋಮೈಸಿನ್ ಕೊಟ್ಟ ಆಸ್ಟ್ರೇಲಿಯಾದ ಟ್ರಯಲ್‌ನಲ್ಲಿ, 420 ಜನರ ನಡುವೆ, ದಾಳಿ ವರ್ಷಕ್ಕೆ ಪ್ಲಸೀಬೊ ಗುಂಪಿನಲ್ಲಿ 1.86, ಔಷಧದ ಗುಂಪಿನಲ್ಲಿ 1.07 ಇತ್ತು, ಇಯೋಸಿನೋಫಿಲ್ ಇದ್ದವರಲ್ಲೂ ಇಲ್ಲದವರಲ್ಲೂ ಲಾಭ ಕಂಡಿತ್ತು. ಆ್ಯಂಟಿಬಯೋಟಿಕ್ ಅನ್ನು ಹೀಗೆ ವರ್ಷಗಟ್ಟಲೆ ಕೊಡುವುದರ ಚಿಂತೆ ಬೇರೆ. 2021ರಲ್ಲಿ 1,061 ಜನರ ಮೇಲೆ ಪರೀಕ್ಷಿಸಿದ ಟೆಝೆಪೆಲುಮ್ಯಾಬ್ ಉರಿಯೂತದ ಸರಪಳಿಯ ಇನ್ನೂ ಮೇಲಿನ ಕೊಂಡಿಯನ್ನು ತಡೆಯುತ್ತದೆ. ಇಯೋಸಿನೋಫಿಲ್ ಕಡಿಮೆ ಇದ್ದವರನ್ನೂ ಅಲ್ಲಿ ಸೇರಿಸಿಕೊಂಡಿದ್ದರು. ಅವರಿಗೂ ಉಪಯೋಗ ಕಂಡಿತು, ಹೆಚ್ಚು ಇದ್ದವರಷ್ಟಲ್ಲ.

ಇತ್ತೀಚಿನದರಲ್ಲಿ ನನಗೆ ಆಸೆ ಹುಟ್ಟಿಸಿದ್ದು 2024ರಲ್ಲಿ ಬ್ರಿಟನ್ನಿನಿಂದ ಬಂದ ಫಲಿತಾಂಶ. ತೀವ್ರ ದಾಳಿಯಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೆಲಸ ಮಾಡುತ್ತದೆ ಎಂದು ಅಲ್ಲಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1956ರಲ್ಲಿ ತೋರಿಸಿತ್ತು. ಅಲ್ಲಿಂದ ಇಲ್ಲಿಯವರೆಗೆ ದಾಳಿ ಬಂದವರಿಗೆ ಕೊಡುವ ಮುಖ್ಯ ಮದ್ದು ಅದೇ ಜಾತಿಯದ್ದು. ಹೊಸ ಟ್ರಯಲ್‌ನಲ್ಲಿ ಅಸ್ತಮಾ ಅಥವಾ ಸಿಒಪಿಡಿಯ ದಾಳಿ ಬಂದಿದ್ದ 158 ಜನರನ್ನು, ದಾಳಿಯ ಹೊತ್ತಿಗೇ ರಕ್ತದ ಇಯೋಸಿನೋಫಿಲ್ 300 ಅಥವಾ ಅದಕ್ಕಿಂತ ಹೆಚ್ಚು ಇದ್ದವರನ್ನು ಮಾತ್ರ, ತೆಗೆದುಕೊಂಡರು. ಪ್ರೆಡ್ನಿಸೋಲೋನ್ ಮಾತ್ರೆಯೊಂದನ್ನೇ ಪಡೆದವರಲ್ಲಿ ಶೇ. 74 ಮಂದಿಯ ಚಿಕಿತ್ಸೆ 90 ದಿನದೊಳಗೆ ವಿಫಲವಾಗಿತ್ತು. ಬೆನ್ರಲಿಝುಮ್ಯಾಬ್‌ನ ಒಂದೇ ಚುಚ್ಚುಮದ್ದು ಪಡೆದವರಲ್ಲಿ ಶೇ. 45. ಚಿಕ್ಕ ಟ್ರಯಲ್, ಎರಡನೇ ಹಂತದ್ದು, ದೊಡ್ಡದರಲ್ಲಿ ಮತ್ತೆ ನಿಜವಾಗಬೇಕು. ಆದರೂ ಪ್ರೆಡ್ನಿಸೋಲೋನ್ ಎಂದರೆ ಕೈಬಿಡದ ಮದ್ದು ಎಂದು ನಂಬಿದವರಿಗೆ ಆ ಶೇ. 74 ಸಣ್ಣ ಆಘಾತವಲ್ಲ. ದಾಳಿಯ ಹೊತ್ತಿನಲ್ಲಿ ಒಂದು ಹನಿ ರಕ್ತ ನೋಡಿ, 300ಕ್ಕಿಂತ ಮೇಲಿದ್ದರೆ ಇದು, ಇಲ್ಲದಿದ್ದರೆ ಇನ್ನೊಂದು ಎಂದು ವಿಂಗಡಿಸುವ ಕಾಲ ಬರುವ ಹಾಗಿದೆ. ಆ ಇನ್ನೊಂದು ಯಾವುದು ಎಂಬ ಜಾಗ ಸದ್ಯಕ್ಕೆ ಖಾಲಿ. 300ಕ್ಕಿಂತ ಕೆಳಗಿನವರು ಅಂಥ ದಾಳಿಯಲ್ಲಿ ಇವತ್ತೂ ಅದೇ ಮಾತ್ರೆ ನುಂಗುತ್ತಾರೆ, ಅದೇ ಕೆನ್ನೆ, ಅದೇ ನಿದ್ದೆಗೇಡು. ಅವರನ್ನು ಹೊರಗಿಡದ, ಅವರನ್ನೇ ಹುಡುಕಿ ಸೇರಿಸಿಕೊಳ್ಳುವ ದೊಡ್ಡ ಟ್ರಯಲ್‌ಗಳು ಇನ್ನಷ್ಟು ಬರಬೇಕು.